ಎರಡು ಇಂಚು ತಗ್ಗಿದ ಕಾರು, ಒಂದು ತುಂಡು ಸೀಮೆಸುಣ್ಣ

ಹಳೆಯ ಕಾರುಗಳ ದುರಸ್ತಿಯನ್ನು ಕಸುಬಾಗಿ ಹಿಡಿದವರು ಅನೇಕರು. ಅದನ್ನು ಹೊಣೆಯಾಗಿ ಹೊತ್ತವರು ಕೆಲವರೇ. ಒಂದೇ ಗ್ಯಾರೇಜಿನಲ್ಲಿ, ಕಾರಿನಡಿ ಕೆಲಸ ಮಾಡುವ ಒಂದೇ ಗುಂಡಿಯೊಳಗೆ ಮೂವತ್ತನಾಲ್ಕು ವರ್ಷ ನಿಂತು ದುಡಿದು, ಈ ತಿಂಗಳು ನಿವೃತ್ತರಾಗುತ್ತಿರುವ ಸ್ಪ್ರಿಂಗ್ ಮೇಸ್ತ್ರಿಗಳು ಆ ಕೆಲವರಲ್ಲಿ ಮೊದಲಿಗರು.

ಸ್ಪ್ರಿಂಗ್ ಗಿಡ್ಡ ಮಾಡಿ ಕಾರಿನ ಎತ್ತರ ತಗ್ಗಿಸಿಕೊಡಿ ಎಂದು ಬಂದವರಿಗೆ ಅವರು ಮೊದಲು ಹೇಳುತ್ತಿದ್ದುದು ನಷ್ಟವನ್ನೇ. ತಗ್ಗಿದ ಕಾರು ತಿರುವಿನಲ್ಲಿ ವಾಲದೆ ನೆಲ ಹಿಡಿದು ಓಡುತ್ತದೆ, ನೋಡಲೂ ಲಕ್ಷಣ; ಆದರೆ ರಸ್ತೆಯುಬ್ಬಿಗೆ ಹೊಟ್ಟೆ ತಾಗುತ್ತದೆ, ಸವಾರಿ ಗಡುಸಾಗುತ್ತದೆ, ಒಳಗೆ ಭಾರ ಹೆಚ್ಚಿದರೆ ಟೈರು ಎಲ್ಲಿ ಉಜ್ಜೀತೋ ಹೇಳಲಾಗದು.

ಅವರ ಸೇವೆಯ ಹನ್ನೆರಡನೆಯ ವರ್ಷ ದರ್ಜಿಯೊಬ್ಬರು ತಂದೆಯ ಕಾಲದ ಕಾರನ್ನು ತಂದು, ಪ್ಯಾಂಟು ಮಡಿಚಿ ಹೊಲಿದಷ್ಟೇ ಸಲೀಸೆಂಬಂತೆ, ಎರಡು ಇಂಚು ತಗ್ಗಿಸಲೇಬೇಕೆಂದು ಪಟ್ಟು ಹಿಡಿದರು. ಮೇಸ್ತ್ರಿಗಳು ತಗ್ಗಿಸಿದರು. ಮುಂದಿನ ಟೈರುಗಳ ಒಳಮೈಗೆ ಸೀಮೆಸುಣ್ಣ ಬಳಿದು, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಪಕ್ಕದ ಬ್ರೇಕ್ ಪೈಪಿಗೆ ಬಿಳಿ ಅಂಟಿಲ್ಲ, ಅಂದರೆ ಟೈರು ತಾಗುತ್ತಿಲ್ಲವೆಂದು ನೋಡಿ ಕಳಿಸಿಕೊಟ್ಟರು. ಆಗ ಕಾರಿನಲ್ಲಿ ಯಾರೂ ಕುಳಿತಿರಲಿಲ್ಲ.

ಮರುದಿನ ಮಧ್ಯಾಹ್ನ ದರ್ಜಿಯ ಫೋನು ಬಂತು. ದನಿಯಲ್ಲಿ ಹಿಗ್ಗು. ತಾಯಿ, ಹೆಂಡತಿ, ಮೂವರು ಮಕ್ಕಳೊಂದಿಗೆ ತಂಗಿಯ ಊರಿಗೆ ಹೊರಟಿದ್ದಾರಂತೆ, ಕಾರು ಒಂಚೂರೂ ವಾಲುವುದಿಲ್ಲವಂತೆ.

“ತಿರುಗಿಸುವಾಗ ಮಾತ್ರ ಚರ್ ಅಂತ ಏನೋ ಸದ್ದು ಬರುತ್ತೆ. ಹೊಸದಲ್ವಾ, ಸರಿಹೋಗುತ್ತೆ ಬಿಡಿ.”

ಅಷ್ಟಕ್ಕೆ ಫೋನು ಕಡಿಯಿತು. ಅದು ಟೈರು ಬ್ರೇಕ್ ಪೈಪಿಗೆ ಉಜ್ಜುವ ಸದ್ದೆಂದು ಮೇಸ್ತ್ರಿಗಳಿಗೆ ಹೊಳೆಯಿತು. ಆ ದಾರಿಯಲ್ಲಿ ಮುಂದೆ ಬೆಟ್ಟದ ಇಳಿಜಾರು, ಹದಿನಾಲ್ಕು ಕಡಿದಾದ ತಿರುವು. ಆರು ಜನರ ಭಾರಕ್ಕೆ ಕಾರು ಇನ್ನಷ್ಟು ಕುಸಿದು, ಪ್ರತಿ ತಿರುವಿನಲ್ಲೂ ಟೈರು ಪೈಪನ್ನು ತಿನ್ನುತ್ತದೆ. ಪೈಪು ಹರಿದರೆ ಬ್ರೇಕು ಕೈಕೊಟ್ಟಂತೆಯೇ. ಐದು ಸಲ ಫೋನು ಮಾಡಿದರು, ಸಿಗಲಿಲ್ಲ. ಗ್ಯಾರೇಜಿನ ವೆಲ್ಡರನ ಬೈಕಿನ ಹಿಂದೆ ಹತ್ತಿದರು. ಈ ಸಾಲುಗಳನ್ನು ಬರೆಯುತ್ತಿರುವವನು ಆ ವೆಲ್ಡರನೇ.

ಇಳಿಜಾರು ಶುರುವಾಗುವಲ್ಲಿ ಕಾರು ನಿಂತಿತ್ತು. ದರ್ಜಿಯ ತಾಯಿ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು, ಈ ಗಡುಸು ಸವಾರಿಗೆ ಸೊಂಟ ಪುಡಿಯಾಗಿದೆ, ಇನ್ನರ್ಧ ಗಂಟೆ ತಾನು ಏಳುವುದಿಲ್ಲವೆಂದು ಮಗನೊಡನೆ ಜಗಳ ಹೂಡಿದ್ದರು. ಮೇಸ್ತ್ರಿಗಳು ಸೀದಾ ಚಕ್ರದ ಹಿಂದೆ ಕೈ ಹಾಕಿದರು. ಪೈಪಿನ ರಬ್ಬರು ಸವೆದು ಒಳಗಿನ ನೂಲು ಹೊರಬಂದಿತ್ತು. ನೂಲು ಕಂಡಮೇಲೆ ದರ್ಜಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಪೈಪು ಹಳೆಯದೆಂದು ಹೇಳಿ ನುಣುಚಿಕೊಳ್ಳಬಹುದಿತ್ತು. ಮೇಸ್ತ್ರಿಗಳು ಆ ತಾಯಿಯ ಮುಂದೆ ನೆಲದ ಮೇಲೆ ಕುಳಿತರು.

“ಖಾಲಿ ಕಾರು ನೋಡಿ ಕಳಿಸಿಬಿಟ್ಟೆ ಅಮ್ಮ. ತಪ್ಪು ನಂದೇ.”

“ನನ್ನ ಸೊಂಟಕ್ಕೆ ಗೊತ್ತಾಗಿದ್ದು ನಿಂಗೆ ಗೊತ್ತಾಗ್ಲಿಲ್ವೇನಪ್ಪಾ?”

ಅಂದಿನಿಂದ, ಮನೆಮಂದಿಯೆಲ್ಲ ಬಂದು ಕುಳಿತು ಸೀಮೆಸುಣ್ಣದ ಪರೀಕ್ಷೆಯಾಗದೆ ತಗ್ಗಿಸಿದ ಕಾರೊಂದೂ ನಮ್ಮ ಗೇಟು ದಾಟಲಿಲ್ಲ. ಗಿರಾಕಿಗಳು ನಕ್ಕರು, ಗೊಣಗಿದರು, ಕೊನೆಗೆ ಅಜ್ಜಿ ಮೊಮ್ಮಕ್ಕಳ ಸಮೇತ ಬಂದು ಕುಳಿತರು.

ಕಳೆದ ವಾರ ದರ್ಜಿಯ ಅದೇ ಕಾರು ಹೊಸ ಸ್ಪ್ರಿಂಗಿಗೆ ಬಂತು. ಮನೆಯವರು ಹತ್ತಿದರು, ಹಿಂದಿನ ಸೀಟಿನ ಎಡಬದಿ ಖಾಲಿ ಉಳಿಯಿತು. ತಾಯಿ ತೀರಿಕೊಂಡು ವರ್ಷವಾಗಿತ್ತು. ಮೇಸ್ತ್ರಿಗಳು ಕೈಯೊರೆಸಿಕೊಂಡು ಅಲ್ಲಿ ತಾವೇ ಹೋಗಿ ಕುಳಿತರು, ಪೈಪು ನೋಡೆಂದು ವೆಲ್ಡರನಿಗೆ ಹೇಳಿದರು. ಬಿಳಿ ಅಂಟಿರಲಿಲ್ಲ.

ನಿವೃತ್ತಿ ಕಾಗದದ ಮೇಲಷ್ಟೇ ಇರಲಿ. ಮಾನ್ಯರಿಗೆ ದೀರ್ಘಾಯುಸ್ಸೂ ಗಟ್ಟಿ ಸೊಂಟವೂ ಲಭಿಸಲಿ. ಯಾವುದೇ ಮನೆಯ ಕಾರಿನಲ್ಲಿ ಒಬ್ಬರು ಕಡಿಮೆಯಾದ ದಿನ ಅವರೇ ಬಂದು ಆ ಜಾಗದಲ್ಲಿ ಕೂರಲಿ.