ಶಬಾನಾ ಮಲಗಿಸಿದ ಗೆರೆ

ಶಬಾನಾ ನೌಬಾದದ ನಮ್ಮ ಮಹಡಿ ಕೋಣೆಗೆ ಬಾಡಿಗೆಗೆ ಬಂದ ಮೊದಲ ದಿನವೇ ನನ್ನ ರೊಟ್ಟಿಗೆ ಗಡಿಯಾರ ಹಿಡಿದಳು.

"ನಾಕು ಮಂದಿ ಕುಂತಾಗ ಒಂದು ರೊಟ್ಟಿ ತಾಟಿಗಿ ಬರ್ಲಿಕ್ಕ ಎಷ್ಟೊತ್ತು ಹಿಡೀತದ ಆಯಿ? ಹತ್ತು ಮಂದಿ ಕುಂತರ?"

"ಹತ್ತು ಮಂದಿ ಕುಂತರ ನಾ ಎದ್ದು ಹೋಗ್ತೇನಿ."

ಅದನ್ನೂ ಬರೆದುಕೊಂಡಳು.

ಭಾಲ್ಕಿಯ ಹುಡುಗಿ. ಬೀದರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಕೆಲಸ, ಒಂದು ವರ್ಷದ ಕರಾರು. ಕೈಯಲ್ಲಿ ಸದಾ ಚೌಕುಳಿ ಕಾಗದ. ಕಾಲೇಜಿನ ಸರ್ವರಿಗೆ ಒಂದೇ ಸಲಕ್ಕೆ ಎಷ್ಟು ಜನ ಮಾಹಿತಿ ಕೇಳಿದರು ಎಂಬುದು ಅಡ್ಡಗೆರೆಯ ಮೇಲೆ. ಉತ್ತರ ಕೊಡಲು ಅದು ಎಷ್ಟು ಸೆಕೆಂಡು ತೆಗೆದುಕೊಂಡಿತು ಎಂಬುದು ನಿಂತ ಗೆರೆಯ ಮೇಲೆ. ಬೇರೆ ಹುಡುಗಿಯರು ಮೆಹಂದಿ ಬಿಡಿಸುವಷ್ಟು ನಾಜೂಕಾಗಿ ಇವಳು ಚುಕ್ಕಿ ಇಡುತ್ತಿದ್ದಳು.

ಆ ವರ್ಷ ಹುಡುಗಿಯರ ಹಾಸ್ಟೆಲ್ ಅರ್ಜಿ ಮೊಬೈಲಿನಲ್ಲೇ ಎಂದು ಕಾಲೇಜಿನ ಸಾಹೇಬರು ಸಾರಿದರು. ಸೋಮವಾರ ಹತ್ತಕ್ಕೆ ಶುರು; ಮೊದಲು ಒತ್ತಿದವರಿಗೆ ಕೋಣೆ. ಔರಾದ ಕಡೆಯವರಿಗೆ ಕೋಣೆ ಸಿಗದಿದ್ದರೆ ಓದು ಅಲ್ಲಿಗೇ ಮುಗಿಯಿತು. ರೈಲಿಲ್ಲ, ಒಂದು ದಿನ ಬಸ್ಸು ತಪ್ಪಿದರೆ ಮರುದಿನದಿಂದ ಅಪ್ಪ ಕಳಿಸುವುದಿಲ್ಲ.

ಸಾವಿರ ಜನ ಒಮ್ಮೆಲೇ ಒತ್ತಿದರೆ ಸರ್ವರ್ ತಡೆಯುತ್ತದೆಯೇ ಎಂದು ಸಾಹೇಬರು ಯಂತ್ರದಿಂದ ಪರೀಕ್ಷೆ ಮಾಡಿಸಿ ನಿಶ್ಚಿಂತೆಯಿಂದಿದ್ದರು. ಶಬಾನಾಗೆ ಮಾತ್ರ ನಿಶ್ಚಿಂತೆ ಇರಲಿಲ್ಲ.

"ಯಂತ್ರ ಒಂದೇ ಹುಡುಗಿ ರಿಜಿಸ್ಟರ್ ನಂಬರು ಸಾವಿರ ಸಲ ಕೇಳ್ಯದ ಆಯಿ. ಸರ್ವರ್ ಒಮ್ಮಿ ಹುಡುಕಿ ನೆಪ್ಪಿಟ್ಟು ಅದನ್ನೇ ತಿರುಗಿ ಹೇಳ್ಯದ. ಅಸಲಿ ಮಂದಿ ತಮ್ಮ ತಮ್ಮ ನಂಬರು ಕೇಳ್ತಾರ್ರಿ."

ಹಾಗಾಗಿ ಓಣಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಸೇರಿದರು. ಒಬ್ಬೊಬ್ಬರಿಗೆ ಒಂದೊಂದು ನಂಬರಿನ ಚೀಟಿ. ನಾನು ಮೊಬೈಲಿನಲ್ಲಿ ಟೈಪು ಕಲಿತು ತಿಂಗಳಾಗಿತ್ತು, ಸಹಜವಾಗಿಯೇ ನಾನು ನಾಯಕಿ. ಹತ್ತು ಜನ ಒತ್ತಿದಾಗ ಎರಡು ಸೆಕೆಂಡು. ಇಪ್ಪತ್ತಕ್ಕೂ ಅಷ್ಟೇ. ಮೂವತ್ತಾದದ್ದೇ ತಡ, ಪರದೆಯ ಮೇಲಿನ ಚಕ್ರ ತಿರುಗತೊಡಗಿತು. ಪಕ್ಕದ ಮನೆಯವಳು ಚಹಾ ಕುದಿಸಿ ತಂದಳು, ಇನ್ನೂ ತಿರುಗುತ್ತಿತ್ತು. ಕಾಗದದ ಮೇಲೆ ಗೆರೆ ಕೋಟೆಯ ಗೋಡೆಯಂತೆ ಎದ್ದು ನಿಂತಿತು.

ಅದನ್ನು ನೋಡಿ ಸಾಹೇಬರು ಬಹಳ ಮೆಚ್ಚಿದರಂತೆ.

"ಶಾಬಾಸ್. ಗೆರಿ ಹ್ಯಾಂಗ ಮ್ಯಾಲ ಹೊಂಟದ ನೋಡು. ಪ್ರಗತಿ ಅಂದ್ರ ಇದು."

"ಸಾಹೇಬ್ರ, ಅದು ಮಂದಿ ಕಾಯೋ ಹೊತ್ತು ರೀ."

"ಕಾಯ್ಲಿ. ಮಂದಿ ಕಾದ್ರ ಕಾಲೇಜಿಗಿ ಇಜ್ಜತ್ತಲ್ಲೇನು?"

ಕಾಗದಕ್ಕೆ ಚೌಕಟ್ಟು ಹಾಕಿಸಿ ಕುರ್ಚಿಯ ಹಿಂದೆ ತೂಗುಹಾಕಿಸಿದರು.

ಶಬಾನಾ ಅವರಿಗೆ ತಿಳಿಹೇಳುವ ಹುಚ್ಚು ಬಿಟ್ಟಳು. ಶನಿವಾರ, ಭಾನುವಾರ ಕೂತು ತಪ್ಪು ಹುಡುಕಿದಳು. ಒಂದು ನಂಬರು ಕೇಳಿದರೂ ಸರ್ವರ್ ಇಡೀ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಿತ್ತಂತೆ. ಯಾವ ನಂಬರು ಎಲ್ಲಿದೆ ಎಂದು ಸೂಚಿ ಕಟ್ಟಿಕೊಟ್ಟಳು.

ಸೋಮವಾರ ಹತ್ತಕ್ಕೆ ನಮ್ಮ ಕಟ್ಟೆಯ ಮೇಲೆಯೇ ಕೂತು ಲ್ಯಾಪ್‌ಟಾಪಿನಲ್ಲಿ ಗೆರೆ ನೋಡಿದಳು. ಹುಡುಗಿಯರು ಒತ್ತಿದರು, ಒತ್ತುತ್ತಲೇ ಇದ್ದರು. ಗೆರೆ ಚಾಪೆಯಂತೆ ಮಲಗಿತ್ತು.

"ಏನೂ ಆಗವಲ್ದಲ್ಲ ಬೇಟಿ," ಎಂದೆ.

"ಏನೂ ಆಗಬಾರದಂತನೇ ಇಷ್ಟೆಲ್ಲಾ ಮಾಡೀನ್ರಿ ಆಯಿ," ಎಂದು ಕಣ್ಣೊರೆಸಿಕೊಂಡಳು.

ಸಾಹೇಬರಿಗೆ ಮಾತ್ರ ನಿರಾಸೆ. ಗೆರೆ ಮೇಲೇಳಲೇ ಇಲ್ಲ, ಹುಡುಗಿಯಲ್ಲಿ ಮೊದಲಿನ ಉಮೇದು ಉಳಿದಿಲ್ಲ ಎಂದು ಆ ತಿಂಗಳಿಗೇ ಮುಗಿಯುತ್ತಿದ್ದ ಕರಾರು ಮುಂದುವರಿಸಲಿಲ್ಲ.

ಬೀದರ ಬಸ್‌ಸ್ಟ್ಯಾಂಡಿಗೆ ನಾನೇ ಬಿಡಲು ಹೋಗಿದ್ದೆ. "ಸಾಹೇಬಗ ಇನ್ನೊಮ್ಮಿ ಹೇಳಬೇಕಿತ್ತು," ಎಂದೆ.

"ಹೇಳೀನ್ರಿ. ಉತ್ತರ ಬರ್ಲಿಕ್ಕ ಹೊತ್ತು ಹಿಡೀತದ."

ಅಷ್ಟರಲ್ಲಿ ಔರಾದ ಬಸ್ಸು ಬಂತು. ಟ್ರಂಕು, ಹಾಸಿಗೆ ಸುರುಳಿ ಹೊತ್ತ ನಾಲ್ಕು ಹುಡುಗಿಯರು ಇಳಿದರು. ಒಬ್ಬಳು ಶಬಾನಾಳ ಮುಂದೆ ನಿಂತು, "ಅಕ್ಕಾ, ಕಾಲೇಜಿನ ಹಾಸ್ಟೆಲಿಗಿ ಹ್ಯಾಂಗ ಹೋಗಬೇಕ್ರಿ?" ಎಂದು ಕೇಳಿದಳು.

ಶಬಾನಾ ಬೆರಳು ಚಾಚಿ ದಾರಿ ಹೇಳಿದಳು. ಅವರು ತಿರುವು ದಾಟುವವರೆಗೆ ನೋಡಿ, ಭಾಲ್ಕಿ ಬಸ್ಸು ಹತ್ತಿದಳು.