ಒಂದನೇ ತಾರೀಖಿನವರೆಗೆ

ನನ್ನ ಸೀಮಂತ ನಡೆದದ್ದು ನಗರದ ಹೊರವಲಯದ ಬಾಥೆಲ್‌ನಲ್ಲಿ, ಬೇರೆಯವರ ಮನೆಯಲ್ಲಿ. ಯೂನಿವರ್ಸಿಟಿ ಡಿಸ್ಟ್ರಿಕ್ಟಿನ ನಮ್ಮ ಒಂಟಿ ಕೋಣೆಯಲ್ಲಿ ನಾಲ್ಕು ಜನ ಕೂತರೆ ಐದನೆಯವರು ಬಚ್ಚಲಲ್ಲಿ ನಿಲ್ಲಬೇಕಿತ್ತು. ದೇವಸ್ಥಾನದಲ್ಲಿ ಪರಿಚಯವಾಗಿದ್ದ ಹಾಸನದ ಆಂಟಿ, “ನಿಮ್ಮಮ್ಮ ಇಲ್ಲಿಲ್ಲ ಅಂತ ಮಡಿಲು ಬರಿದಾಗಿ ಇರ್ಬೇಕಾ? ನಾನಿಲ್ವಾ?” ಎಂದು ಎಲ್ಲವನ್ನೂ ತಮ್ಮ ತಲೆಯ ಮೇಲೆ ಹಾಕಿಕೊಂಡರು. ಎರಡು ಕೈಗೂ ಹಸಿರು ಗಾಜಿನ ಬಳೆ ತೊಡಿಸಿ, ಅಕ್ಕಿ, ಕೊಬ್ಬರಿ, ಬೆಲ್ಲ ಹಾಕಿ ಮಡಿಲು ತುಂಬಿದರು. ಕೈ ಎತ್ತಿದರೆ ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ನಾನು ಸಂತೋಷಕ್ಕೆ ಅತ್ತದ್ದು ಅವತ್ತೇ ಕೊನೆ.

ಊಟಕ್ಕೆ ಕೂತಾಗ ಆಂಟಿ, ಡಾಕ್ಟರಿಗೆ ಎಲ್ಲಿ ತೋರಿಸುತ್ತಿದ್ದೀಯ ಎಂದು ಕೇಳಿದರು. ನಾನು ಮುಚ್ಚುಮರೆ ಇಲ್ಲದೆ ಹೇಳಿದೆ. ನನ್ನ ಗಂಡ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಾಗಿದ್ದರು. ಪ್ರಾಜೆಕ್ಟ್ ಮುಚ್ಚಿ ಕೆಲಸ ಹೋಗಿತ್ತು, ಅದರ ಜೊತೆಗೇ ಇನ್ಶೂರೆನ್ಸ್ ಕೂಡ. ಗ್ರೀನ್ ಕಾರ್ಡಿಗೆ ಹಾಕಿದ್ದ ಅರ್ಜಿ ಇನ್ನೂ ತೀರ್ಮಾನವಾಗಿರಲಿಲ್ಲ. ಆದರೆ ಈ ರಾಜ್ಯದಲ್ಲಿ ಬಸುರಿಗೆ ವೀಸಾ ಏನು ಎತ್ತ ಎಂದು ಕೇಳದೆ ಚಿಕಿತ್ಸೆ ಕೊಡುತ್ತಾರೆ. ಹಾಗೆ ಸಿಕ್ಕಿದ ಸರ್ಕಾರಿ ಚಿಕಿತ್ಸೆಯ ಕಾರ್ಡಿನಲ್ಲೇ ನಾನು ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಮಗುವಿನ ಎದೆಬಡಿತವನ್ನೂ ಅಲ್ಲೇ ಕೇಳಿದ್ದೆ.

ಆಂಟಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಪೆಂಡಿಂಗ್ ಇರೋವಾಗ ಗವರ್ನಮೆಂಟ್ ದುಡ್ಡಲ್ಲಿ ಟ್ರೀಟ್‌ಮೆಂಟಾ? ರಿಜೆಕ್ಟ್ ಮಾಡ್ಬಿಡ್ತಾರೆ ಕಣಮ್ಮಾ!”

“ಸರ್ಕಾರದ ನೆರವು ತಗೊಂಡೋರಿಗೆ ಗ್ರೀನ್ ಕಾರ್ಡ್ ಇಲ್ಲ ಅಂತ ಹೊಸ ರೂಲ್ ಬರ್ತಿದೆ, ಗ್ರೂಪಲ್ಲಿ ನೋಡ್ಲಿಲ್ವಾ?” ಎಂದು ಆಂಟಿಯ ಯಜಮಾನರು ಫೋನನ್ನು ನನ್ನ ಗಂಡನ ಮುಂದೆ ಹಿಡಿದರು. ಗ್ರೀನ್ ಕಾರ್ಡಿಗೆ ಕಾಯುವವರ ವಾಟ್ಸ್ಆಪ್ ಗ್ರೂಪು ಅದು. ನಮ್ಮ ಜನಕ್ಕೆ ಇಂಥದ್ದಕ್ಕೆಲ್ಲ ವಕೀಲರು ಬೇಕಿಲ್ಲ, ಸಾರಿನ ಜೊತೆಗೇ ಸಲಹೆಯನ್ನೂ ಬಡಿಸುತ್ತಾರೆ. ಬರಬಹುದಾದ ನಿಯಮ ಪಾಯಸ ಬರುವಷ್ಟರಲ್ಲಿ ಎಲ್ಲರ ಬಾಯಲ್ಲಿ ಜಾರಿಗೇ ಬಂದಿತ್ತು. ಅದು ಬಸುರಿಯರಿಗೆ ಅನ್ವಯಿಸುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಇಂಜಿನಿಯರುಗಳು, ಎಲ್ಲರೂ ಒಳ್ಳೆಯವರು, ಎಲ್ಲರಿಗೂ ನಮ್ಮ ಮೇಲೆ ಕಾಳಜಿ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಗಂಡನಿಗೆ ನಗರದ ಇನ್ನೊಂದು ಬಡಾವಣೆಯಾದ ಸೌತ್ ಲೇಕ್ ಯೂನಿಯನ್‌ನಲ್ಲಿ ಹೊಸ ಕೆಲಸ ನಿಶ್ಚಯವಾಗಿತ್ತು. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರಬೇಕು, ಅವತ್ತಿನಿಂದಲೇ ಇನ್ಶೂರೆನ್ಸ್.

“ಆ ಕಾರ್ಡ್ ಬೇಡ, ಅಲ್ಲೀವರ್ಗೂ ತಾನೆ? ಒಂದನೇ ತಾರೀಖ್ ಆದ್ಮೇಲೆ ಯಾವ ಡಾಕ್ಟರ್ ಬೇಕಾದ್ರೂ ನೋಡೋಣ ಕಣೇ,” ಎಂದರು ಅವರು, ಮನೆಗೆ ಹಿಂತಿರುಗುವಾಗ ಬಸ್ಸಿನಲ್ಲಿ. ಮಡಿಲಕ್ಕಿಯ ಗಂಟು ನನ್ನ ತೊಡೆಯ ಮೇಲಿತ್ತು. ಮಗುವಿಗೋಸ್ಕರವೇ ಅಲ್ಲವೇ ಈ ದೇಶದಲ್ಲಿ ನಿಲ್ಲಬೇಕು ಎನ್ನುವುದು, ಎನಿಸಿ ನಾನೂ ಹೂಂ ಎಂದೆ. ಮರುದಿನ ಅವರು ಫೋನ್ ಮಾಡಿ ಕಾರ್ಡು ರದ್ದು ಮಾಡಿಸಿದರು. ನಾನು ಕ್ಲಿನಿಕ್ಕಿಗೆ ಹೋಗುವುದನ್ನು ಬಿಟ್ಟೆ.

ಬಳೆಗಳು ಜಾರುವುದು ನಿಂತದ್ದು ಆಮೇಲೆ. ಮೊದಲು ಮಣಿಕಟ್ಟಿನಲ್ಲಿ ಬಿಗಿಯಾದವು, ಆಮೇಲೆ ಚರ್ಮದ ಮೇಲೆ ಗೆರೆ ಬೀಳಿಸಿದವು. ತಲೆನೋವು ಎಂದರೆ, “ಟೆನ್ಷನ್ ಮಾಡ್ಕೋಬೇಡ,” ಎಂದರು ಆಂಟಿ. ಕೈ ಹಿಡಿದು ನೋಡಿ, “ಮೈ ತುಂಬ್ಕೊಂಡಿದೀಯ, ಎಷ್ಟು ಲಕ್ಷಣವಾಗಿದೆ!” ಎಂದು ದೃಷ್ಟಿ ನೀವಾಳಿಸಿದರು. ಕ್ಲಿನಿಕ್ಕಿನಲ್ಲಿ ಪ್ರತಿಸಲ ನನ್ನ ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡುತ್ತಿದ್ದರು. ಈಗ ಅದನ್ನು ನೋಡುವವರು ಯಾರೂ ಇರಲಿಲ್ಲ.

ಒಂದನೇ ತಾರೀಖು ಇನ್ನೇನು ಬಂತು ಎನ್ನುವಾಗ ಒಂದು ಬೆಳಿಗ್ಗೆ ಮಗು ಒದೆಯಲಿಲ್ಲ. ತಣ್ಣೀರು ಕುಡಿದೆ, ಎಡಕ್ಕೆ ಹೊರಳಿ ಮಲಗಿದೆ, ಬೆಲ್ಲ ಬಾಯಿಗೆ ಹಾಕಿಕೊಂಡೆ. ಸೀಮಂತದ ಬೆಲ್ಲವೇ. ಏನೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರ್ ಯಂತ್ರವನ್ನು ಹೊಟ್ಟೆಯ ಮೇಲೆ ಅತ್ತ ಇತ್ತ ಸರಿಸಿದರು, ಎದೆಬಡಿತದ ಸದ್ದು ಬರಲಿಲ್ಲ. ಬಿಪಿ ವಿಪರೀತ ಏರಿದೆ, ಬಹಳ ದಿನದಿಂದ ಏರಿರಬೇಕು ಎಂದರು. ನರ್ಸ್ ಕೈಗೆ ಕ್ರೀಮ್ ಸವರಿ ಒಂದೊಂದೇ ಬಳೆ ಎಳೆದಳು. ಬಾರದಿದ್ದವನ್ನು ಬಟ್ಟೆ ಸುತ್ತಿ ಒಡೆದಳು. ಹೆಣ್ಣು ಮಗು. ತಲೆ ತುಂಬ ಕೂದಲಿತ್ತು.

ಮಾರನೆಯ ದಿನ ಆಸ್ಪತ್ರೆಯ ಸಹಾಯಕಿಯೊಬ್ಬಳು ಬಂದು ಮೆತ್ತಗೆ ಮಾತಾಡಿದಳು. ಆಸ್ಪತ್ರೆಯವರೇ ಕಾರ್ಡನ್ನು ಮತ್ತೆ ಶುರು ಮಾಡಿಸಿದ್ದಾರೆ, ಹೆರಿಗೆಯ ನಂತರವೂ ಎರಡು ತಿಂಗಳು ನನಗೆ ಅದರ ಹಕ್ಕಿದೆ ಎಂದಳು. ನನ್ನ ಗಂಡ ಗೋಡೆಯ ಕಡೆ ತಿರುಗಿಕೊಂಡರು. ಆಂಟಿ ಅನ್ನ ಸಾರು ತಂದು ನನ್ನ ಕಾಲ ಬಳಿ ಕೂತರು. ನಾನು ಅವರನ್ನು ಬೈಯಲಿಲ್ಲ, ಬೈಯಲು ಶಕ್ತಿ ಎಲ್ಲಿತ್ತು.

ಮುಂದಿನ ವಸಂತದಲ್ಲಿ ಗ್ರೀನ್ ಕಾರ್ಡಿನ ಸಂದರ್ಶನಕ್ಕೆ ಕರೆ ಬಂತು. ಅಧಿಕಾರಿ ವಯಸ್ಸಾದವನು, ಶೀತವಾಗಿ ಮೂಗು ಒರೆಸಿಕೊಳ್ಳುತ್ತಿದ್ದ. ಸರ್ಕಾರದ ನೆರವು ಯಾವುದಾದರೂ ಪಡೆದಿದ್ದೀರಾ ಎಂದು ಕೇಳಿದ. ನಾವು ಹೆದರಿ ಸತ್ತ ಪ್ರಶ್ನೆ ಅದೇ. ನಾನೇ ಹೇಳಿದೆ: ಹೌದು, ಬಸುರಿಯಾಗಿದ್ದಾಗ ಚಿಕಿತ್ಸೆ.

“ಓ, ಅದು ಲೆಕ್ಕಕ್ಕಿಲ್ಲ,” ಎಂದು ಅವನು ತಲೆಯನ್ನೂ ಎತ್ತದೆ ಮುಂದಿನ ಪ್ರಶ್ನೆಗೆ ಹೋದ.

“ಮಕ್ಕಳು ಎಷ್ಟು?”