ಡಾಕ್ಟರೇ ಚೆನ್ನಾಗಿದ್ದೀನಿ ಅಂದ ಮೇಲೆ

ಮಂಡಿಯ ಆಪರೇಷನ್ ಆದ ಮರುದಿನ ಆಸ್ಪತ್ರೆಯ ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ ನನ್ನ ಗಂಡನ ತುಟಿಯ ಅಂಚಿನಿಂದ ಕಾಫಿ ಸೋರಿ ಎದೆಯ ಮೇಲೆ ಬಿತ್ತು. ಅವರಿಗೆ ಅದು ಗೊತ್ತೇ ಆಗಲಿಲ್ಲ. ಪರದೇಶದ ಈ ನಾರ್ತ್ ಯಾರ್ಕ್‌ನಲ್ಲಿ ಬಹುಕಾಲ ಕ್ಲಿನಿಕ್ ನಡೆಸಿ ನಿವೃತ್ತರಾದ ಡಾಕ್ಟರು ಅವರು. ನರ್ಸ್ ಹುಡುಗಿ ಬಾಗಿಲಲ್ಲೇ ನಿಂತು ಹೇಗಿದ್ದೀರಿ ಎಂದು ಕೇಳಿದಾಗ "ಐ ಆಮ್ ಫೈನ್" ಎಂದರು. ಡಾಕ್ಟರೇ ಹೇಳಿದ ಮೇಲೆ ಇನ್ನೇನು? ಆಕೆ ನಕ್ಕು ಹೊರಟಳು.

ಮದುವೆಯಾದಾಗಿನಿಂದ ನಾಲ್ಕು ಜನರ ಮುಂದೆ ನಾನು ಅವರಿಗೆ ಎದುರಾಡಿದವಳಲ್ಲ. ಅಂದು ಓಡಿಹೋಗಿ ಆಕೆಗೆ ಅಡ್ಡ ನಿಂತೆ. "ಹಿ ಈಸ್ ನಾಟ್ ಫೈನ್! ಲುಕ್ ಅಟ್ ಹಿಸ್ ಮೌತ್!" ಎಂದು ಕೂಗಿದೆ.

ಮಂಚದಿಂದ ಇವರು ತೊದಲುತ್ತಲೇ ಗದರಿದರು. "ಸುಮ್ನಿರೇ, ಡಾಕ್ಟ್ರು ನಾನಾ ನೀನಾ?"

ನರ್ಸ್ ಹಿಂದಿರುಗಿ ಬಂದು ಅವರ ಮುಖ ನೋಡಿದವಳೇ ಗೋಡೆಯ ಮೇಲಿನ ಗುಂಡಿ ಒತ್ತಿದಳು. ಕ್ಷಣದಲ್ಲಿ ಕೋಣೆ ತುಂಬ ಜನ. ಸ್ಟ್ರೋಕ್ ಆಗಿತ್ತು. ಇನ್ನಷ್ಟು ತಡವಾಗಿದ್ದರೆ ಉಳಿಯುತ್ತಿರಲಿಲ್ಲವೆಂದು ಆಮೇಲೆ ಆಸ್ಪತ್ರೆಯವರು ಹೇಳಿದರು.

ಜೀವವೇನೋ ಉಳಿಯಿತು. ಆದರೆ ನನ್ನನ್ನು ಗದರಿದ್ದೇ ಅವರ ಬಾಯಿಂದ ಬಂದ ಕೊನೆಯ ಮಾತು. ಈಗ ಯಾರಾದರೂ ಹೇಗಿದ್ದೀರಿ ಎಂದು ಕೇಳಿದರೆ ಅವರು ನನ್ನ ಮುಖ ನೋಡುತ್ತಾರೆ.